ಉಂಡ ಎಲೆಯ ಲೆಕ್ಕ

ಒಂದು ಮನೆತನದ ಒಗೆತನವನ್ನು ಅರಿಯಬೇಕಾದರೆ ನಮ್ಮ ಹಿರಿಯರು ಅದರ ಪಡಸಾಲೆಯನ್ನು ನೋಡುತ್ತಿರಲಿಲ್ಲ, ಹಿತ್ತಲನ್ನು ನೋಡುತ್ತಿದ್ದರು. ಪಡಸಾಲೆಯನ್ನು ಬಂದವರಿಗಾಗಿ ಗುಡಿಸಿ ಸಾರಿಸಿರುತ್ತಾರೆ. ಹಿತ್ತಲು ಮಾತ್ರ ಮನೆಯವರು ಏನನ್ನು ಉಂಡರು, ಏನನ್ನು ಬಿಟ್ಟರು, ಏನನ್ನು ಕೆಡಿಸಿದರು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಕನ್ಯೆ ನೋಡಲು ಹೋದ ಹಿರಿಯರು ಕೈಕಾಲು ತೊಳೆಯುವ ನೆವದಲ್ಲಿ ಬಚ್ಚಲ ಕಡೆಗೆ ಹೋಗಿ ತಿಪ್ಪೆಯನ್ನೊಮ್ಮೆ ನೋಡಿ ಬರುತ್ತಿದ್ದುದನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. ಈ ಮಾತು ಮನೆಗೆ ಹೇಗೆ ಸಲ್ಲುತ್ತದೆಯೋ ಹಾಗೆಯೇ ಸಾವಿರಾರು ಜನ ದುಡಿಯುವ ಬೃಹತ್ ಕಾರ್ಖಾನೆಗೂ ಸಲ್ಲುತ್ತದೆ ಎಂಬುದು ನನಗೆ ಮನವರಿಕೆಯಾದದ್ದು ಅರವತ್ತು ದಾಟಿದ ಮೇಲೆ. ಅದನ್ನು ಓದುಗ ಬಂಧುಗಳಲ್ಲಿ ನಿವೇದಿಸಿಕೊಳ್ಳಬೇಕೆಂದು ಈ ಬರಹಕ್ಕೆ ತೊಡಗಿದ್ದೇನೆ.

ಮೊದಲು ನನ್ನ ಬಾಲ್ಯದ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಅದಿಲ್ಲದೆ ಮುಂದಿನ ಮಾತಿಗೆ ಅರ್ಥವಿಲ್ಲ.

1972ರ ಬರಗಾಲವನ್ನು ಉತ್ತರ ಕರ್ನಾಟಕದ ನನ್ನ ವಯಸ್ಸಿನವರು ಮರೆತಿರಲಾರರು. ಆಗ ನಾನು ಹದಿನಾಲ್ಕು ವರುಷದ ಹುಡುಗ; ಮಠದ ಪಾಠಶಾಲೆಯಲ್ಲಿ ಶಬ್ದರೂಪಾವಳಿಯನ್ನು ಬಾಯಿಪಾಠ ಮಾಡುತ್ತಿದ್ದವನು. ನನ್ನ ಅಕ್ಷರ ದುಂಡಾಗಿದ್ದುದರಿಂದ ಉಗ್ರಾಣದ ಕಿರ್ದಿಯನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ದಿನವೂ ಎಷ್ಟು ಜೋಳ ಬಂದಿತು, ಎಷ್ಟು ದಾಸೋಹಕ್ಕೆ ಹೋಯಿತು, ಶಿಲ್ಕು ಎಷ್ಟು ಎಂದು ಮೂರು ಮನೆಗಳಲ್ಲಿ ತುಂಬಬೇಕು. ಜೋಳವಿದ್ದುದು ಅಂಗಳದ ಹಗೇವಿನಲ್ಲಿ. ಕಾಳನ್ನು ತೆಗೆದ ಬಳಿಕ ಬಾಯಿಗೆ ಹಾಸುಗಲ್ಲನ್ನು ಮುಚ್ಚಿ, ಸಂದಿಗೆ ಮಣ್ಣು ಮೆತ್ತಬೇಕು. ಆ ಕೆಲಸವೂ ನನ್ನದೇ ಆಗಿತ್ತು.

ಒಂದು ಸಂಜೆ ಆಟದ ಆತುರದಲ್ಲಿ ಮಣ್ಣನ್ನು ಸರಿಯಾಗಿ ಮೆತ್ತಲಿಲ್ಲ. ಇಡೀ ವರುಷ ಮುಖ ತೋರದ ಮಳೆ ಆ ರಾತ್ರಿಯೇ ಒಂದು ಗಳಿಗೆ ಸುರಿಯಿತು. ಎರಡು ದಿನ ಕಳೆದು ಕಲ್ಲು ಸರಿಸಿದರೆ ಮುಗ್ಗಿದ ವಾಸನೆ. ಮೇಲಿನ ಸುಮಾರು ಎರಡು ಚೀಲ ಜೋಳ ನೆನೆದು ಕಟ್ಟಿಕೊಂಡಿತ್ತು. ಊರ ಜನ ಗಂಜಿಗಾಗಿ ಸರತಿಯಲ್ಲಿ ಕೂಡುತ್ತಿದ್ದ ಕಾಲವದು. ಭಯದಿಂದ ನನ್ನ ಕೈಕಾಲು ನಡುಗಿದವು. ಗೆಳೆಯನೊಬ್ಬನ ಸಹಾಯದಿಂದ ಆ ಜೋಳವನ್ನೆಲ್ಲ ರಾತ್ರೋರಾತ್ರಿ ತಿಪ್ಪೆಯಲ್ಲಿ ಹೂತೆ. ಕಿರ್ದಿಯಲ್ಲಿ ಆ ಎರಡು ಚೀಲವನ್ನು ಎಂಟು ದಿನಗಳಿಗೆ ಹಂಚಿ, ‘ದಾಸೋಹಕ್ಕೆ’ ಎಂಬ ಮನೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಸೇರಿಸಿದೆ. ಶಿಲ್ಕು ಸರಿಯಾಗಿ ಕೂಡಿತು. ಲೆಕ್ಕ ಕೂಡಿದ ಮೇಲೆ ಪಾಪವೂ ಕಳೆಯಿತೆಂದು ಹುಡುಗುಬುದ್ಧಿಗೆ ತೋರಿತು.

ಉಗ್ರಾಣವನ್ನು ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರಿದ್ದರು. ನಾವೆಲ್ಲ ಅವರನ್ನು ಅಜ್ಜಾರು ಎನ್ನುತ್ತಿದ್ದೆವು. ಅವರಿಗೆ ಓದು ಬರಹ ಅಷ್ಟಕ್ಕಷ್ಟೆ. ಆದರೆ ಊಟದ ಎಲೆಗಳ ಕಟ್ಟುಗಳನ್ನು ತಾವೇ ಎಣಿಸಿ ಕೊಡುತ್ತಿದ್ದರು. ತಿಂಗಳ ಕೊನೆಗೆ ನನ್ನನ್ನು ಕರೆದು, ಎಷ್ಟು ಎಲೆ ಹೋಗಿವೆ, ಒಂದು ಎಲೆಗೆ ಎಷ್ಟು ಜೋಳ ಬೀಳುತ್ತದೆ, ಒಟ್ಟು ಎಷ್ಟಾಗಬೇಕು ಎಂದು ಬೆರಳು ಮಡಚಿ ಕೇಳಿದರು. ನನ್ನ ಕಿರ್ದಿಯಲ್ಲಿ ಎರಡು ಚೀಲ ಹೆಚ್ಚಾಗಿತ್ತು. ‘ತಮ್ಮಾ, ಮನಶಾ ಸುಳ್ಳು ಹೇಳತಾನ, ಕಿರ್ದಿನೂ ಹೇಳತೈತಿ; ಎಲಿ ಹೇಳಂಗಿಲ್ಲ’ ಎಂದರು ಅಷ್ಟೆ. ನಾನು ಅಳುತ್ತ ಎಲ್ಲವನ್ನೂ ಒಪ್ಪಿಕೊಂಡೆ.

ಅವರು ಹೊಡೆಯಲಿಲ್ಲ, ಬೈಯಲಿಲ್ಲ. ನನ್ನನ್ನು ಹಗೇವಿನ ಬಳಿಗೆ ಕರೆದೊಯ್ದು ಕಲ್ಲನ್ನು ಸರಿಸಿದರು. ಒಳಗೆ ಮತ್ತೆ ಮುಗ್ಗಿನ ವಾಸನೆ. ನಡುವೆ ಬಂದ ಇನ್ನೊಂದು ಸಣ್ಣ ಮಳೆಗೆ ಮತ್ತಷ್ಟು ಜೋಳ ಕೆಟ್ಟಿತ್ತು. ಆ ಸಲ ನಾನು ಮಣ್ಣನ್ನು ಚೆನ್ನಾಗಿಯೇ ಮೆತ್ತಿದ್ದೆನಲ್ಲ! ಅಜ್ಜಾರು ಹಾಸುಗಲ್ಲನ್ನು ಮಗುಚಿ ನೋಡಿದರು. ಅದರ ಒಡಲಲ್ಲಿ ಕೂದಲೆಳೆಯಂಥ ಬಿರುಕಿತ್ತು. ತಪ್ಪು ನನ್ನ ಮಣ್ಣಿನದು ಮಾತ್ರವಾಗಿರಲಿಲ್ಲ, ಕಲ್ಲಿನದೂ ಆಗಿತ್ತು. ಮೊದಲ ಸಲ ಕೆಟ್ಟದ್ದನ್ನು ಕೆಟ್ಟದ್ದೆಂದು ಬರೆದಿದ್ದರೆ ಕಾರಣವನ್ನು ಹುಡುಕುತ್ತಿದ್ದರು, ಬಿರುಕು ಕಾಣುತ್ತಿತ್ತು, ಎರಡನೆಯ ಸಲದ ಜೋಳ ಹಸಿದವರ ಹೊಟ್ಟೆಗೆ ಸೇರುತ್ತಿತ್ತು. ಅಂದಿನಿಂದ ಕಿರ್ದಿಯಲ್ಲಿ ನಾಲ್ಕನೆಯ ಮನೆಯೊಂದನ್ನು ಎಳೆಸಿದರು. ಅದರ ತಲೆಬರಹ ‘ಕೆಟ್ಟದ್ದು, ಕಾರಣಸಹಿತ’. ಆ ಮನೆಯ ಮೊದಲ ಸಾಲನ್ನು ನನ್ನ ಕೈಯಿಂದಲೇ ಬರೆಸಿದರು.

ಐವತ್ತು ವರುಷಗಳ ತರುವಾಯ, 2023ರ ಜೂನ್ ತಿಂಗಳಲ್ಲಿ, ಈ ಘಟನೆ ಮತ್ತೆ ನನ್ನೆದುರು ಬಂದು ನಿಂತಿತು.

ನನ್ನ ತಂಗಿಯ ಮಗ ರಸಾಯನ ತಂತ್ರಶಾಸ್ತ್ರವನ್ನು ಓದಿದವನು. ಒಂದು ದೊಡ್ಡ ಉಕ್ಕಿನ ಕಾರ್ಖಾನೆಯ ಪರಿಸರ ವಿಭಾಗದಲ್ಲಿ ಅಧಿಕಾರಿ. ಕಾರ್ಖಾನೆಯ ಹೆಸರಾಗಲಿ ಊರಾಗಲಿ ಇಲ್ಲಿ ಬೇಡ. ಮಾತು ಒಂದು ಕಾರ್ಖಾನೆಯದಲ್ಲ, ಒಂದು ಪ್ರವೃತ್ತಿಯದು. ‘ಮಾಮಾ, ಒಂದೆರಡು ದಿನ ಬಂದು ಹೋಗ್ರಿ. ಲೆಕ್ಕ ಕೂಡವಲ್ದು, ಮನಸ್ಸೂ ಕೂಡವಲ್ದು’ ಎಂದು ಫೋನು ಮಾಡಿದನು. ವ್ಯಾಕರಣ ಓದಿದವನಿಗೆ ಉಕ್ಕಿನ ಲೆಕ್ಕವೇನು ತಿಳಿದೀತು ಎಂದು ನಕ್ಕರೂ, ಅವನ ದನಿಯಲ್ಲಿ ಏನೋ ಬಾಧೆಯಿದ್ದುದರಿಂದ ಹೊರಟೆ.

ಅವನು ನನ್ನ ತಲೆಗೊಂದು ಹೆಲ್ಮೆಟ್ಟು ತೊಡಿಸಿ ಕಾರ್ಖಾನೆಯನ್ನು ತೋರಿಸಿದನು. ಊದುಕುಲುಮೆಯ ಎದುರು ನಿಂತಾಗ ನನಗೆ ಮಾತೇ ಹೊರಡಲಿಲ್ಲ. ಮೇಲಿನಿಂದ ಅದಿರು, ಕೋಕು, ಸುಣ್ಣಕಲ್ಲುಗಳು ಒಳಗೆ ಬೀಳುತ್ತವೆ. ಕೆಳಗಿನಿಂದ ಬಿಸಿಗಾಳಿಯನ್ನು ಊದುತ್ತಾರೆ. ಕರಗಿದ ಕಬ್ಬಿಣ ಭಾರವಾದ್ದರಿಂದ ತಳದಲ್ಲಿ ನಿಲ್ಲುತ್ತದೆ. ಅದಿರಿನ ಮಣ್ಣಿನಂಶವೂ ಕೋಕಿನ ಬೂದಿಯೂ ಸುಣ್ಣದೊಡನೆ ಬೆರೆತು ಕಿಟ್ಟವಾಗಿ ಮೇಲೆ ತೇಲುತ್ತದೆ. ಕಿಟ್ಟವೆಂಬುದು ನಮ್ಮ ಕಮ್ಮಾರಸಾಲೆಯ ಹಳೆಯ ಮಾತೇ. ಒಂದು ಟನ್ ಕಬ್ಬಿಣಕ್ಕೆ ನಮ್ಮ ದೇಶದ ಕುಲುಮೆಗಳಲ್ಲಿ ಸಾಮಾನ್ಯವಾಗಿ 300ರಿಂದ 400 ಕಿಲೋ ಕಿಟ್ಟ ಹೊರಬರುತ್ತದೆ. ಆ ಕಬ್ಬಿಣವನ್ನು ಮತ್ತೊಮ್ಮೆ ಶುದ್ಧೀಕರಿಸಿ ಉಕ್ಕು ಮಾಡುವಾಗ ಟನ್ನಿಗೆ 150ರಿಂದ 200 ಕಿಲೋ ಇನ್ನೊಂದು ಬಗೆಯ ಕಿಟ್ಟ ಬರುತ್ತದೆ. ವರುಷಕ್ಕೆ ಒಂದು ಕೋಟಿ ಟನ್ ಉಕ್ಕು ತಯಾರಿಸುವ ಕಾರ್ಖಾನೆಯಾದರೆ ಮೊದಲ ಕಿಟ್ಟವೇ ಮೂವತ್ತು ಲಕ್ಷ ಟನ್ನಿಗೆ ಮೇಲಾಯಿತು, ಎರಡನೆಯದು ಹದಿನೈದು ಲಕ್ಷಕ್ಕೆ ಮೇಲಾಯಿತು. ಇವಲ್ಲದೆ ಕುಲುಮೆಯ ಧೂಳು, ಉರುಳೆಗಳಲ್ಲಿ ಉಕ್ಕನ್ನು ಹಾಯಿಸುವಾಗ ಉದುರುವ ಹೊಪ್ಪಳೆ, ಕೋಕು ಒಲೆಗಳ ಡಾಂಬರಿನ ರಾಡಿ, ಬಳಸಿದ ಎಣ್ಣೆ, ಹಳೆಯ ಬ್ಯಾಟರಿಗಳು, ನೌಕರರ ಕ್ಯಾಂಟೀನಿನ ಅನ್ನ, ಹೀಗೆ ಪಟ್ಟಿ ಬೆಳೆಯುತ್ತದೆ.

ಇದೆಲ್ಲವೂ ಕಸವೆ? ಅಲ್ಲ. ನನಗೆ ಅತ್ಯಂತ ಸಂತೋಷವನ್ನುಂಟುಮಾಡಿದ ಸಂಗತಿಯಿದು. ಊದುಕುಲುಮೆಯ ಕಿಟ್ಟದ ಮೇಲೆ ರಭಸದಿಂದ ನೀರು ಹಾಯಿಸಿದರೆ ಅದು ಥಟ್ಟನೆ ಗಾಜಿನಂತೆ ಹೆಪ್ಪುಗಟ್ಟಿ ಮರಳಾಗಿ ಸಿಡಿಯುತ್ತದೆ. ಒಣಗಿಸಿ ಬೀಸಿದರೆ ಸಿಮೆಂಟಿನ ಗುಣ ಪಡೆಯುತ್ತದೆ. ಭಾರತೀಯ ಮಾನಕ 455ರ ಪ್ರಕಾರ ತಯಾರಾಗುವ ಕಿಟ್ಟದ ಸಿಮೆಂಟಿನಲ್ಲಿ ಶೇಕಡಾ 25ರಿಂದ 70ರವರೆಗೆ ಈ ಪುಡಿಯನ್ನು ಬೆರೆಸಬಹುದು. ಅಷ್ಟರಮಟ್ಟಿಗೆ ಸುಣ್ಣಕಲ್ಲನ್ನು ಅಗೆಯುವುದೂ ಸುಡುವುದೂ ತಪ್ಪುತ್ತದೆ, ಆಕಾಶಕ್ಕೆ ಏರುವ ಇಂಗಾಲದ ಅನಿಲವೂ ತಗ್ಗುತ್ತದೆ. ಹೊಪ್ಪಳೆಯಲ್ಲೂ ಧೂಳಿನಲ್ಲೂ ಕಬ್ಬಿಣದಂಶವಿರುವುದರಿಂದ ಅವು ಅದಿರಿನ ಪುಡಿಯೊಡನೆ ಬೆರೆತು ಮತ್ತೆ ಕುಲುಮೆಯ ಬಾಯಿಗೇ ಹೋಗುತ್ತವೆ. ಕುಲುಮೆಯ ಅನಿಲವನ್ನು ತೊಳೆದು ಉರಿಸಿ ವಿದ್ಯುತ್ತನ್ನು ಪಡೆಯುತ್ತಾರೆ.

ಇದು ಇಂದು ನಿನ್ನೆಯ ಬುದ್ಧಿಯೂ ಅಲ್ಲ. ನಮ್ಮ ಭದ್ರಾವತಿಯಲ್ಲಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಮಲೆನಾಡಿನ ಕಟ್ಟಿಗೆಯ ಇದ್ದಲಿನಿಂದ ನಡೆಯುತ್ತಿತ್ತು. ಕಟ್ಟಿಗೆಯನ್ನು ಬಯಲಲ್ಲಿ ಸುಟ್ಟು ಹೊಗೆಯನ್ನು ಗಾಳಿಗೆ ಬಿಡದೆ, ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ, ಆ ಹೊಗೆಯಿಂದಲೇ ಮರದ ಮದ್ಯಸಾರವನ್ನೂ ಸುಣ್ಣದ ಅಸಿಟೇಟನ್ನೂ ಡಾಂಬರನ್ನೂ ಇಳಿಸುತ್ತಿದ್ದರು. ಸರ್ ಎಂ. ವಿಶ್ವೇಶ್ವರಯ್ಯನವರು ಆಡಳಿತ ಮಂಡಲಿಯ ಅಧ್ಯಕ್ಷರಾಗಿ ಆ ಕಾರ್ಖಾನೆಯನ್ನು ಕಷ್ಟಕಾಲದಲ್ಲಿ ನಿಭಾಯಿಸಿದರು. ಹೊಗೆಯನ್ನೂ ಜಮಾ ಪಟ್ಟಿಗೆ ತರುವ ಯತ್ನ ನಮ್ಮ ನಾಡಿನಲ್ಲಿ ನೂರು ವರುಷಗಳ ಹಿಂದೆಯೇ ನಡೆದಿತ್ತೆಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕು. ಅಮೆರಿಕದ 3ಎಂ ಕಂಪನಿ 1975ರಲ್ಲಿ ‘ಮಾಲಿನ್ಯವನ್ನು ತಡೆದರೆ ಲಾಭ’ ಎಂಬರ್ಥದ ಯೋಜನೆಯೊಂದನ್ನು ಹೂಡಿ, ಹುಟ್ಟಿದ ಕಸವನ್ನು ಕೊನೆಯಲ್ಲಿ ತೊಳೆಯುವುದಕ್ಕಿಂತ ಅದು ಹುಟ್ಟದಂತೆ ಮೂಲದಲ್ಲಿಯೇ ನೋಡಿಕೊಳ್ಳುವುದು ಲೇಸೆಂದು ಸಾರಿತು. ನಮ್ಮ ದೇಶದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳೂ ಇದೇ ಕ್ರಮವನ್ನು ಹೇಳುತ್ತವೆ: ಮೊದಲು ಹುಟ್ಟದಂತೆ ತಡೆ, ಬಳಿಕ ಕಡಿಮೆ ಮಾಡುವುದು, ಆಮೇಲೆ ಮರುಬಳಕೆ, ಪುನರ್ವಸ್ತುಕರಣ, ಪುನಃಪ್ರಾಪ್ತಿ, ಕಟ್ಟಕಡೆಗೆ ಸುರಕ್ಷಿತ ವಿಲೇವಾರಿ.

ಇನ್ನು ಲೆಕ್ಕದ ವಿಷಯ. ಅಷ್ಟು ದೊಡ್ಡ ಕಾರ್ಖಾನೆಯಲ್ಲಿ ಎಷ್ಟು ಕಿಟ್ಟ ಹುಟ್ಟಿತೆಂದು ತಿಳಿಯುವುದು ಹೇಗೆ? ಕೆಂಡದಂಥ ದ್ರವವನ್ನು ತಕ್ಕಡಿಯಲ್ಲಿ ತೂಗುವುದು ಸುಲಭವಲ್ಲ. ಅಳಿಯ ಹೇಳಿದ ಉಪಾಯವನ್ನು ಕೇಳಿ ನಾನು ಬೆರಗಾದೆ. ಕುಲುಮೆಗೆ ಹಾಕಿದ ಸುಣ್ಣದಂಶ ಕಬ್ಬಿಣಕ್ಕೆ ಸೇರುವುದಿಲ್ಲ, ಹೊಗೆಯಾಗಿಯೂ ಹೋಗುವುದಿಲ್ಲ. ಧೂಳಿನೊಡನೆ ಹಾರುವ ಅತ್ಯಲ್ಪವನ್ನು ಬಿಟ್ಟರೆ ಎಲ್ಲವೂ ಕಿಟ್ಟದಲ್ಲಿಯೇ ನಿಲ್ಲುತ್ತದೆ. ಒಳಗೆ ಹೋದ ಸುಣ್ಣ ಎಷ್ಟೆಂದು ಗೊತ್ತು. ಕಿಟ್ಟದಲ್ಲಿ ಶೇಕಡಾ ಎಷ್ಟು ಸುಣ್ಣವಿದೆಯೆಂದು ಪ್ರಯೋಗಶಾಲೆ ಹೇಳುತ್ತದೆ. ಇವೆರಡರಿಂದ ಒಟ್ಟು ಕಿಟ್ಟ ಎಷ್ಟೆಂದು ತಿಳಿಯುತ್ತದೆ. ‘ಸುಣ್ಣ ಸುಳ್ಳು ಹೇಳಂಗಿಲ್ಲ ಮಾಮಾ’ ಎಂದನು. ನನ್ನ ಕಣ್ಣ ಮುಂದೆ ಅಜ್ಜಾರು ಎಲೆಯ ಕಟ್ಟನ್ನು ಹಿಡಿದು ನಿಂತಂತಾಯಿತು.

ಹುಟ್ಟಿದ್ದು ಹೀಗೆ ತಿಳಿಯಿತು. ಹೊರಗೆ ಹೋದದ್ದನ್ನು ಹೆಬ್ಬಾಗಿಲಿನ ವೇಬ್ರಿಡ್ಜು ಹೇಳುತ್ತದೆ. ಇವೆರಡನ್ನು ಇದಿರುಬದಿರು ಇಟ್ಟಾಗ ಕೆಲವು ತಿಂಗಳು ಹುಟ್ಟಿದ್ದಕ್ಕಿಂತ ಮಾರಿದ್ದೇ ಹೆಚ್ಚಾಗಿ, ಶೇಕಡಾ ನೂರಕ್ಕೂ ಮೇಲೆ ಹೋಗುತ್ತಿತ್ತಂತೆ. ಹೊಸಬರು ಇದನ್ನು ಕಂಡು ಹಿಗ್ಗುತ್ತಾರೆ, ಅನುಭವಿಗಳು ಅನುಮಾನಿಸುತ್ತಾರೆ. ಕಾರಣ ಸರಳವಾದದ್ದು. ನೀರು ಹಾಯಿಸಿದ ಕಿಟ್ಟದಲ್ಲಿ ತೇವವಿರುತ್ತದೆ. ಸುಣ್ಣದ ಲೆಕ್ಕ ಒಣತೂಕದ್ದು, ವೇಬ್ರಿಡ್ಜಿನ ಲೆಕ್ಕ ಹಸಿತೂಕದ್ದು. ನೂರು ಟನ್ನಿನ ರಾಶಿಯಲ್ಲಿ ಹತ್ತು ಟನ್ ನೀರಿದ್ದರೆ ಆ ನೀರೂ ‘ಪುನಃಪ್ರಾಪ್ತಿ’ಯೆಂದು ಎಣಿಕೆಯಾಗುತ್ತದೆ. ಹಳೆಯ ರಾಶಿಯನ್ನು ಈ ತಿಂಗಳು ಮಾರಿದರೂ ಇದೇ ಗೊಂದಲ. ಆದಕಾರಣ ಆರಂಭದ ಶಿಲ್ಕು, ಹುಟ್ಟಿದ್ದು, ಹೋದದ್ದು, ಕೊನೆಯ ಶಿಲ್ಕು, ಈ ನಾಲ್ಕೂ ಇಲ್ಲದೆ ಕಸದ ಲೆಕ್ಕ ಪೂರ್ಣವಾಗದು. ಇವೆಲ್ಲ ಪ್ರಾಮಾಣಿಕ ತೊಡಕುಗಳು. ಅಳಿಯ ಇವುಗಳನ್ನು ಬಿಡಿಸಿದ್ದನು. ಅವನನ್ನು ಬಾಧಿಸಿದ್ದು ಬೇರೆಯದೇ.

ಎರಡನೆಯ ಬಗೆಯ ಕಿಟ್ಟವಿದೆಯಲ್ಲ, ಉಕ್ಕಿನ ಕಿಟ್ಟ, ಅದು ಹಟಮಾರಿ. ಅದರಲ್ಲಿ ಬೆರೆಯದೆ ಉಳಿದ ಸುಣ್ಣವಿರುತ್ತದೆ. ಅದು ನೀರುಂಡು ಉಬ್ಬುತ್ತದೆ. ಹಸಿಯಾಗಿಯೇ ರಸ್ತೆಗೋ ಇಟ್ಟಿಗೆಗೋ ಬಳಸಿದರೆ ಕೆಲವು ತಿಂಗಳಿಗೆ ಬಿರಿಯುತ್ತದೆ. ಮಳೆಗಾಳಿಗೆ ಬಿಟ್ಟು ಹಳತಾಗಿಸಬೇಕು, ಇಲ್ಲವೇ ಉಗಿಯಿಂದ ಪಕ್ವಗೊಳಿಸಬೇಕು. ನಮ್ಮ ಆಯುರ್ವೇದದಲ್ಲಿ ಪಾಂಡುರೋಗಕ್ಕೆ ಕೊಡುವ ಮಂಡೂರಭಸ್ಮವೆಂಬುದು ಕಬ್ಬಿಣದ ಕಿಟ್ಟದಿಂದ ಆದದ್ದು. ಅದಕ್ಕೆ ನೂರು ವರುಷದ ಹಳೆಯ ಕಿಟ್ಟ ಉತ್ತಮ, ಎಂಬತ್ತರದು ಮಧ್ಯಮ, ಅರವತ್ತರದು ಅಧಮ ಎಂದು ಶಾಸ್ತ್ರವಿದೆ. ಹೊಸ ಕಿಟ್ಟವನ್ನು ನಂಬಬಾರದೆಂಬ ವಿವೇಕ ನಮ್ಮ ವೈದ್ಯರಿಗೂ ಇತ್ತು. ಪಕ್ವವಾದರೆ ಅದೂ ಉಪಯುಕ್ತವೇ. ಗುಜರಾತಿನ ಸೂರತ್ತಿನ ಹಜೀರಾದಲ್ಲಿ 2022ರಲ್ಲಿ ಸಂಸ್ಕರಿಸಿದ ಸುಮಾರು ಒಂದು ಲಕ್ಷ ಟನ್ ಉಕ್ಕಿನ ಕಿಟ್ಟದಿಂದ ಆರು ಪಥಗಳ ರಸ್ತೆಯನ್ನೇ ನಿರ್ಮಿಸಿದ್ದಾರೆ. ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅದಕ್ಕೆ ವಿಧಾನವನ್ನು ರೂಪಿಸಿದರು.

ಆದರೆ ನಮ್ಮ ಅಳಿಯನ ಕಾರ್ಖಾನೆಯಲ್ಲಿ ಪಕ್ವಗೊಳಿಸುವ ವ್ಯವಸ್ಥೆ ಇರಲಿಲ್ಲ, ಕೊಳ್ಳುವವರೂ ಸಾಲದು. ಉಕ್ಕಿನ ಕಿಟ್ಟ ಹಿಂದಿನ ಅಂಗಳದಲ್ಲಿ ಗುಡ್ಡವಾಗಿ ಬೆಳೆಯುತ್ತಿತ್ತು. ಲೆಕ್ಕದಲ್ಲಿ ಮಾತ್ರ ಅದನ್ನು ‘ಒಳಾಂಗಣ ಮರುಬಳಕೆ: ತಗ್ಗು ಪ್ರದೇಶ ಸಮತಟ್ಟು ಮಾಡಲು’ ಎಂದು ವರುಷ ವರುಷ ಬರೆದು ಬಂದಿದ್ದರು. ತಗ್ಗು ತುಂಬಿ ಬಹಳ ಕಾಲವಾಗಿ, ಅಲ್ಲಿ ಗುಡ್ಡವೇ ಎದ್ದಿದ್ದರೂ ತಗ್ಗು ತುಂಬುವುದು ಮುಗಿದಿರಲಿಲ್ಲ! ಷೇರು ಮಾರುಕಟ್ಟೆಯ ನಿಯಂತ್ರಣ ಮಂಡಲಿಯಾದ ಸೆಬಿ, 2022–23ರ ಹಣಕಾಸು ವರುಷದಿಂದ ದೇಶದ ಮೊದಲ 1000 ನೋಂದಾಯಿತ ಕಂಪನಿಗಳು ತಮ್ಮ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿಯನ್ನು ಕಡ್ಡಾಯವಾಗಿ ಕೊಡಬೇಕೆಂದು ವಿಧಿಸಿತು. ಅದರಲ್ಲಿ ಕಸಕ್ಕೊಂದು ಕೋಷ್ಟಕವಿದೆ: ಎಷ್ಟು ಹುಟ್ಟಿತು, ಎಷ್ಟು ಮರುಬಳಕೆಯಾಯಿತು, ಎಷ್ಟನ್ನು ಸುಟ್ಟಿರಿ ಅಥವಾ ಹೂತಿರಿ. ಹುಟ್ಟಿದ್ದು, ಮರಳಿದ್ದು, ತೊಲಗಿದ್ದು, ಇಷ್ಟೇ. ಅಂಗಳದಲ್ಲಿ ಸುಮ್ಮನೆ ಬಿದ್ದಿರುವುದಕ್ಕೆ ಪ್ರತ್ಯೇಕ ಮನೆಯಿಲ್ಲ. ಮನೆಯಿಲ್ಲದ ಅನಾಥ ಅಂಕಿಯನ್ನು ‘ಮರಳಿದ್ದು’ ಎಂಬ ಮನೆಗೆ ಸೇರಿಸಿಬಿಡು ಎಂದು ಮೇಲಿನವರು ಹೇಳಿದ್ದರು. ಸೇರಿಸಿದರೆ ಅಂಕಿ ನೂರರ ಸಮೀಪಕ್ಕೆ ಏರುತ್ತದೆ. ಬಿಟ್ಟರೆ ಬಹಳ ಕೆಳಗೆ ಇಳಿಯುತ್ತದೆ. ಆ ಹಾಳೆಯ ಕೆಳಗೆ ಸಿದ್ಧಪಡಿಸಿದವನೆಂದು ಅಳಿಯ ರುಜು ಹಾಕಬೇಕಿತ್ತು.

‘ಎಲ್ಲಾರೂ ಹಿಂಗ ಬರೀತಾರ ಅಂತಾರ ಮಾಮಾ. ನಾನೊಬ್ಬ ಬ್ಯಾರೆ ಬರದ್ರ ನೌಕರಿಗೆ ಕುತ್ತು ಬರತೈತಿ. ಮನಿ ಸಾಲ ಐತಿ, ತಂಗಿ ಲಗ್ನ ಐತಿ’ ಎಂದನು.

ಮರುದಿನ ಬೆಳಿಗ್ಗೆ ನಾನು ಆ ಗುಡ್ಡವನ್ನು ತೋರಿಸೆಂದೆ. ಆಗಷ್ಟೇ ಮುಂಗಾರಿನ ಎರಡು ಮಳೆಯಾಗಿದ್ದವು. ಗುಡ್ಡದ ಬುಡದಿಂದ ಹೊರಟ ನೀರು ಕಾಂಪೌಂಡಿನ ತೂತಿನಿಂದ ಆಚೆಗೆ ಹರಿದು ಸಣ್ಣ ಹಳ್ಳವನ್ನು ಸೇರುತ್ತಿತ್ತು. ಹಳ್ಳದ ಕಲ್ಲುಗಳ ಮೇಲೆಲ್ಲ ಸುಣ್ಣ ಬಳಿದಂತೆ ಬೆಳ್ಳನೆಯ ಹಕ್ಕಳೆ. ಕಿಟ್ಟದ ಸುಣ್ಣ ಕ್ಷಾರವಾಗಿ ನೀರಿಗಿಳಿದು, ಗಾಳಿ ತಾಗಿ ಕಲ್ಲಿನ ಮೇಲೆ ಕಟ್ಟುತ್ತದೆಯೆಂದು ಅಳಿಯ ವಿವರಿಸಿದನು. ಅಲ್ಲಿ ಎಮ್ಮೆ ಮೇಯಿಸುತ್ತಿದ್ದ ವೃದ್ಧರೊಬ್ಬರನ್ನು ಈ ನೀರು ಹೇಗೆ ಎಂದು ಕೇಳಿದೆ. ‘ದನಾ ಮೂಸಿ ನೋಡಿ ಹಿಂದಕ್ಕ ಸರೀತಾವ್ರೀ’ ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಹೆಚ್ಚು ನೋಯಿಸಿತು.

ಅಂದು ರಾತ್ರಿ ಊಟವಾದ ಮೇಲೆ ಅಳಿಯನಿಗೆ ಹಗೇವಿನ ಕಥೆಯನ್ನು ಹೇಳಿದೆ. ಅದುವರೆಗೆ ನಾನು ಅದನ್ನು ಯಾರಿಗೂ, ನನ್ನ ಮನೆಯವರಿಗೂ ಹೇಳಿರಲಿಲ್ಲ. ‘ಕೆಟ್ಟದ್ದನ್ನು ಉಂಡದ್ದೆಂದು ಬರೆದರೆ ಕಲ್ಲಿನ ಬಿರುಕು ಯಾರಿಗೂ ಕಾಣುವುದಿಲ್ಲಪ್ಪಾ. ನಿಮ್ಮ ಗುಡ್ಡ ಲೆಕ್ಕದಲ್ಲಿ ಇಲ್ಲವೆಂದಮೇಲೆ ಅದರ ತಳಕ್ಕೆ ಹಾಸು ಹಾಕಲು, ಸುತ್ತ ಕಾಲುವೆ ತೋಡಲು ಹಣವನ್ನು ಯಾರು ಕೊಡುತ್ತಾರೆ? ಇಲ್ಲದ ಗುಡ್ಡಕ್ಕೆ ಕಾಲುವೆ ಏಕೆ ಎಂದು ಕೇಳುವುದಿಲ್ಲವೆ?’ ಎಂದೆ. ಅವನು ಬಹಳ ಹೊತ್ತು ಸುಮ್ಮನಿದ್ದನು. ‘ಹಂಗಾರ ಏನ್ ಬರೀಲಿ?’ ಎಂದನು. ‘ಇನ್ನೊಂದು ಮನೆಯನ್ನು ಎಳೆ’ ಎಂದೆ.

ಅವನು ಹಾಗೆಯೇ ಮಾಡಿದನು. ಕೋಷ್ಟಕದ ಕೆಳಗೆ ಟಿಪ್ಪಣಿಯಾಗಿ ‘ದಾಸ್ತಾನಿನಲ್ಲಿ ಉಳಿದದ್ದು’ ಎಂದು ಬರೆದು, ಆರಂಭದ ಶಿಲ್ಕು, ಈ ವರುಷ ಸೇರಿದ್ದು, ಕೊನೆಯ ಶಿಲ್ಕುಗಳನ್ನು ಒಣತೂಕದಲ್ಲಿ ಕಾಣಿಸಿ, ಮೇಲಿನವರಿಗೆ ಎರಡು ಪುಟದ ಕಾರಣಪತ್ರವನ್ನು ಲಗತ್ತಿಸಿದನು. ಯಾರನ್ನೂ ದೂರಲಿಲ್ಲ. ಅಂಕಿ ಇಳಿಯಿತು. ಸಭೆಯಲ್ಲಿ ಅವನನ್ನು ಎಲ್ಲರೆದುರು ಪ್ರಶ್ನಿಸಿದರು, ಉತ್ತರಿಸಿದನು. ಕೊನೆಗೆ ಲೆಕ್ಕಪರಿಶೋಧಕರು, ಹೀಗಿರುವುದೇ ಕಂಪನಿಗೆ ಕ್ಷೇಮವೆಂದು ಒಪ್ಪಿದ್ದರಿಂದ ಟಿಪ್ಪಣಿ ಉಳಿಯಿತು.

ಸತ್ಯ ಹೇಳಿದವನಿಗೆ ಕೂಡಲೇ ಹೂಮಾಲೆ ಬಿದ್ದಿತೆಂದು ಬರೆದರೆ ನಾನೂ ಕಿರ್ದಿಯನ್ನು ತಿದ್ದಿದಂತಾದೀತು. 2024ರಲ್ಲಿ ಅವನಿಗೆ ಬರಬೇಕಾಗಿದ್ದ ಬಡ್ತಿ ಬರಲಿಲ್ಲ. ಅವನಿಗಿಂತ ಕಿರಿಯರೊಬ್ಬರಿಗೆ ಹೋಯಿತು. ನನ್ನ ತಂಗಿ ಎರಡು ತಿಂಗಳು ನನ್ನೊಡನೆ ಮಾತು ಬಿಟ್ಟಳು. ‘ಅಣ್ಣಾ, ನೀ ಮಠದಾಗ ಬೆಳದಾಂವ, ನಿನಗ ಸಂಬಳದ ಚಿಂತಿ ಏನ್ ಗೊತ್ತು?’ ಎಂದು ಅವಳು ಕೇಳಿದ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ. ಅನ್ಯರ ಮಗನಿಗೆ ಧೈರ್ಯ ಹೇಳುವುದು ಸುಲಭ. ಅದರ ಬೆಲೆಯನ್ನು ತೆತ್ತವನು ಅವನು, ನಾನಲ್ಲ. ಎಷ್ಟೋ ರಾತ್ರಿ ಈ ವಿಚಾರ ನನ್ನನ್ನು ನಿದ್ದೆಯಿಂದ ಎಬ್ಬಿಸಿದೆ.

ಆದರೆ ಒಮ್ಮೆ ಬರೆದ ಅಂಕಿ ಸುಮ್ಮನೆ ಕೂಡುವುದಿಲ್ಲ. ಮರುವರುಷದ ವರದಿಯಲ್ಲಿ ಹಿಂದಿನ ಸಾಲಿನ ಅಂಕಿಯನ್ನೂ ಪಕ್ಕದಲ್ಲಿ ಕಾಣಿಸಬೇಕು. ಕೊನೆಯ ಶಿಲ್ಕು ಆರಂಭದ ಶಿಲ್ಕಾಗಿ ಮತ್ತೆ ಎದುರು ನಿಂತಿತು. ಈ ಗುಡ್ಡಕ್ಕೆ ಏನು ಮಾಡುತ್ತೀರಿ ಎಂದು ಕೇಳುವವರು ಒಳಗಿನಿಂದಲೇ ಹುಟ್ಟಿದರು. 2025ರ ಬೇಸಗೆಯಲ್ಲಿ ಅಂಗಳದ ಒಂದು ಭಾಗಕ್ಕೆ ಕಾಂಕ್ರೀಟಿನ ಹಾಸನ್ನು ಹಾಕಿ, ಸುತ್ತ ಕಾಲುವೆ ತೋಡಿ, ನೀರನ್ನು ಒಂದು ತೊಟ್ಟಿಗೆ ಹಿಡಿದು ಕ್ಷಾರವನ್ನು ತಗ್ಗಿಸುವ ಏರ್ಪಾಡು ಮಾಡಿದ್ದಾರೆ. ಗುಡ್ಡ ಇನ್ನೂ ಇದೆ. ಆದರೆ ಮೊನ್ನೆ ಅಳಿಯ ಫೋನಿನಲ್ಲಿ, ‘ಮಾಮಾ, ಹಳ್ಳದ ಕಲ್ಲು ಕರ್ರಗಾಗಾಕ ಹತ್ತ್ಯಾವ’ ಎಂದನು. ಬಿಳಿಯ ಕಲ್ಲು ತನ್ನ ಸಹಜ ಬಣ್ಣಕ್ಕೆ ತಿರುಗುತ್ತಿದೆಯೆಂಬ ಆ ಒಂದು ಮಾತಿಗೆ ನನ್ನ ಕಣ್ಣು ತುಂಬಿದವು. ದನಗಳು ಆ ನೀರನ್ನು ಕುಡಿಯುತ್ತವೆಯೆ ಎಂದು ಕೇಳಿದೆ. ‘ಇನ್ನಾ ಇಲ್ಲ’ ಎಂದನು.

ಬಂಧುಗಳೇ, ಕಾಯಕವೆಂದರೆ ಮಾಡುವ ದುಡಿಮೆಯೆಂದೂ, ದಾಸೋಹವೆಂದರೆ ಕೊಡುವ ಅನ್ನವೆಂದೂ ನಾವು ತಿಳಿದಿದ್ದೇವೆ, ಅದು ನಿಜ. ಮಾಡುವಾಗ ಉಳಿದದ್ದು, ಕೊಡುವಾಗ ಚೆಲ್ಲಿದ್ದು, ಇವುಗಳ ಲೆಕ್ಕವೂ ಕಾಯಕದ ಒಂದು ಭಾಗವೇ ಎಂದು ನನಗೆ ತೋರುತ್ತದೆ. ನಮ್ಮ ಮದುವೆಗಳಲ್ಲಿ ಎಷ್ಟು ಜನ ಉಂಡರೆಂದು ಹೆಮ್ಮೆಯಿಂದ ಹೇಳುತ್ತೇವೆ; ಎಷ್ಟು ಅನ್ನ ಎಲೆಯಲ್ಲಿ ಉಳಿಯಿತೆಂದು ಹೇಳುವ ಮನೆಯನ್ನು ನಾನು ಕಂಡಿಲ್ಲ. ಕಳೆದ ವೈಶಾಖದಲ್ಲಿ ನನ್ನ ತಂಗಿಯ ಮಗಳ ಲಗ್ನವಾಯಿತು. ಅಳಿಯನೇ ಮುಂದೆ ನಿಂತು ಊಟದ ವ್ಯವಸ್ಥೆ ನೋಡಿಕೊಂಡನು. ಪಂಕ್ತಿ ಮುಗಿದ ಮೇಲೆ ಅವನು ಪಡಸಾಲೆಗೆ ಬರದೆ ಹಿತ್ತಲಿನಲ್ಲಿ ಏನೋ ಬರೆದುಕೊಳ್ಳುತ್ತಿದ್ದುದನ್ನು ಕಂಡು ಹತ್ತಿರ ಹೋದೆ. ಕೈಯಲ್ಲಿ ಸಣ್ಣ ಪುಸ್ತಕ. ಎಷ್ಟು ಎಲೆ, ಎಷ್ಟು ಅಕ್ಕಿ, ಎಷ್ಟು ಉಳಿಯಿತು, ಯಾರಿಗೆ ಕೊಟ್ಟೆವು ಎಂಬ ನಾಲ್ಕು ಮನೆಗಳು. ಕೊನೆಯಲ್ಲಿ ಇನ್ನೊಂದು ಮನೆಯಿತ್ತು: ‘ಕೆಟ್ಟದ್ದು, ಕಾರಣಸಹಿತ’. ಅದರಲ್ಲಿ ‘ಎರಡು ಬುಟ್ಟಿ ಅನ್ನ, ಎರಡನೆಯ ಪಂಕ್ತಿಗೆ ಜನರನ್ನು ನೋಡದೆ ಮೊದಲೇ ಬಸಿದದ್ದು’ ಎಂದು ಬರೆದಿದ್ದನು.

ನನ್ನ ತಂಗಿ ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡಿದಳು. ‘ಲಗ್ನದ ಮನ್ಯಾಗೂ ನಿಮ್ಮದು ಇದೇ ಆತಲ್ಲ’ ಎಂದಳು. ಆಮೇಲೆ ಪುಸ್ತಕವನ್ನು ಅವನ ಕೈಯಿಂದ ತೆಗೆದುಕೊಂಡು, ಆ ಸಾಲಿನ ಕೆಳಗೆ ತಾನೇ ಇನ್ನೊಂದು ಸಾಲನ್ನು ಸೇರಿಸಿದಳು: ‘ಅರ್ಧ ಪಾತೇಲಿ ಸಾರು, ನನ್ನ ಕೈಯಿಂದ ಉಪ್ಪು ಹೆಚ್ಚಾದದ್ದು.’